ನೀಲವ್ವನ ಮನೆಯಲ್ಲಿ ಎರಡು ಸಲ

ನಾನು ಒಂದು ಹೋಲ್ಡಾಲ್. ಹಾಗೆಂದರೆ ಏನೆಂದು ಈಗಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. ದಪ್ಪ ಖಾಕಿ ಬಟ್ಟೆಯ ಉದ್ದನೆಯ ಹಾಸು, ಎರಡು ತುದಿಗೂ ದೊಡ್ಡ ಜೇಬು, ನಡುವೆ ತೊಗಲಿನ ಎರಡು ಪಟ್ಟಿ. ದಿಂಬು, ಹೊದಿಕೆ, ಅಂಗಿ, ಧೋತರ ಎಲ್ಲವನ್ನೂ ಒಳಗಿಟ್ಟು ಸುರುಳಿ ಸುತ್ತಿ ಪಟ್ಟಿ ಬಿಗಿದರೆ ನಾನು ಗಂಟಾಗುತ್ತೇನೆ. ಬಿಚ್ಚಿ ನೆಲಕ್ಕೆ ಹಾಸಿದರೆ ಹಾಸಿಗೆಯಾಗುತ್ತೇನೆ. ಊರಿಂದೂರಿಗೆ ಹೋಗುವವರು ಒಂದು ಕಾಲದಲ್ಲಿ ನನ್ನಂಥದ್ದನ್ನು ಹೆಗಲಿಗೇರಿಸದೆ ಮನೆ ಬಿಡುತ್ತಿರಲಿಲ್ಲ.

ನಾನು ಹುಟ್ಟಿದ್ದು ಗದಗಿನಲ್ಲಿ, ದಸ್ತಗೀರಸಾಬ ಎಂಬ ದರ್ಜಿಯ ಕೈಯಲ್ಲಿ. ನಾಟಕ ಕಂಪನಿಯೊಂದಕ್ಕೆ ಡೇರೆ ಹೊಲಿದು ಉಳಿದ ಬಟ್ಟೆಯಿಂದ ಆತ ನನ್ನನ್ನು ಹೊಲಿದ. ಪಟ್ಟಿ ಬಿಗಿದು, ಜಗ್ಗಿ ನೋಡಿ, ‘ಮೂವತ್ತು ವರ್ಷಕ್ಕೇನೂ ಮೋಸಿಲ್ಲ’ ಎಂದು ತನ್ನಷ್ಟಕ್ಕೇ ಹೇಳಿಕೊಂಡ. ನನ್ನ ಬಗ್ಗೆ ನಾನು ಕೇಳಿದ ಮೊದಲ ಮಾತು ಅದು.

ನನ್ನನ್ನು ಕೊಂಡವರು ಚನ್ನವೀರಪ್ಪ ಹೊಂಬಳ. ರೋಣದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ಮೂವತ್ತರ ಒಳಗಿನ ವಯಸ್ಸು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಜೇಬಿನಲ್ಲಿ ಸದಾ ಚೂಪಾದ ಮೂರು ಪೆನ್ಸಿಲು. ಮನೆಯಲ್ಲಿ ಹೆಂಡತಿ, ಆರು ತಿಂಗಳ ಕೂಸು ಅನಸೂಯಾ. ಆ ವರ್ಷ ಚಿತ್ರಕಲೆಯ ಪರೀಕ್ಷೆಗೆ ಪರೀಕ್ಷಕರಾಗಿ ಹುಬ್ಬಳ್ಳಿಗೆ ಹೋಗಲು ಅವರಿಗೆ ಆದೇಶ ಬಂತು. ನಾಲ್ಕು ದಿನದ ಕೆಲಸ. ಹುಬ್ಬಳ್ಳಿಯಲ್ಲಿ ಅವರ ಜೊತೆ ಓದಿದ ಗುರುಪಾದಪ್ಪ ಎಂಬ ಗೆಳೆಯರಿದ್ದರು. ಛಾಪಖಾನೆಯಲ್ಲಿ ಮೊಳೆ ಜೋಡಿಸುವ ಕೆಲಸ ಅವರದು. ‘ನೀ ಬ್ಯಾರೆ ಎಲ್ಲೂ ಇಳೀಬ್ಯಾಡ, ನಮ್ಮ ಮನೀಗೇ ಬಾ’ ಎಂದು ಅವರು ಕಾಗದ ಬರೆದಿದ್ದರು.

ಅವರದು ಚಾಳಿನ ಮನೆ. ಒಂದು ಪಡಸಾಲೆ, ಅದರಾಚೆಗೆ ಅಡುಗೆಮನೆ, ಹಿಂದೆ ಗೇಣಗಲದ ಬಚ್ಚಲು. ನೀರು ಬರುತ್ತಿದ್ದುದು ಹೊರಗಿನ ನಳಕ್ಕೆ, ಅದೂ ನಸುಕಿನಲ್ಲಿ ಒಂದು ಗಂಟೆ. ಹನ್ನೆರಡು ಮನೆಯವರು ಸಾಲುಗಟ್ಟಿ ತುಂಬಿಕೊಳ್ಳಬೇಕು. ಗುರುಪಾದಪ್ಪನ ಹೆಂಡತಿ ನೀಲವ್ವ ಆಗ ಇಪ್ಪತ್ತೆರಡರ ಹೆಣ್ಣು. ಮಾತು ಕಡಿಮೆ. ತುಂಬಿದ ಕೊಡ ಹೊತ್ತು ಬಾಗಿಲಿಂದ ಒಳಗೆ ಬಂದು ಪಡಸಾಲೆ ದಾಟಿಯೇ ಬಚ್ಚಲಿಗೆ ಹೋಗಬೇಕು. ಆ ಪಡಸಾಲೆಯ ನಡುವೆ ನಾನು ಹಾಸಿಕೊಂಡಿರುತ್ತಿದ್ದೆ. ನನ್ನ ಮೇಲೆ ಮಾಸ್ತರರು ಎಂಟರವರೆಗೆ ನಿದ್ದೆ ಮಾಡುತ್ತಿದ್ದರು.

ನಾನು ನೆಲಕ್ಕಿರುವವನು. ನನಗೆ ಜನರ ಮುಖಕ್ಕಿಂತ ಪಾದಗಳೇ ಚೆನ್ನಾಗಿ ಗೊತ್ತು. ನೀಲವ್ವನ ಪಾದಗಳು ನನ್ನ ಅಂಚಿಗೂ ಗೋಡೆಗೂ ನಡುವಿನ ಅರ್ಧ ಮೊಳ ಜಾಗದಲ್ಲಿ ಅಡ್ಡಡ್ಡವಾಗಿ ಸರಿಯುತ್ತಿದ್ದವು. ಬಂದವರ ಹಾಸಿಗೆ ತುಳಿಯಬಾರದೆಂಬ ಎಚ್ಚರ. ಎರಡನೆಯ ದಿನವೇ ಆ ಪಾದಗಳು ಬಾತಿರುವುದನ್ನು ನಾನು ಕಂಡೆ. ಕಾಲುಂಗುರ ಬೆರಳಿನ ಮಾಂಸದಲ್ಲಿ ಹೂತಿತ್ತು. ಆಕೆ ಆರು ತಿಂಗಳ ಬಸುರಿ. ಮಾಸ್ತರರಿಗೆ ಅದು ಗೊತ್ತಾಗಿರಲಿಲ್ಲ. ಹಿತ್ತಾಳೆಯ ಚೊಂಬಿನ ನೆರಳು ಯಾವ ಕಡೆ ಬಿದ್ದಿದೆ, ಎಷ್ಟು ಗಾಢವಾಗಿದೆ ಎಂದು ನೂರಾರು ಮಕ್ಕಳಿಗೆ ತೋರಿಸಿಕೊಟ್ಟ ಕಣ್ಣು ಅದು. ತನಗೆ ಬಡಿಸುವ ಹೆಣ್ಣುಮಗಳನ್ನು ಅದು ನೋಡಲಿಲ್ಲ.

ಅವರು ಕೆಟ್ಟವರಲ್ಲ. ಇದನ್ನು ನಾನು ಹೇಳಲೇಬೇಕು. ಊಟಕ್ಕೆ ಕುಳಿತರೆ ಪಲ್ಯವನ್ನು ಬಾಯ್ತುಂಬ ಹೊಗಳುತ್ತಿದ್ದರು. ಆದರೆ ಹೊಗಳಿಕೆಯ ಬೆನ್ನಿಗೇ ಇನ್ನೆರಡು ರೊಟ್ಟಿ ಕೇಳುತ್ತಿದ್ದರು. ರೊಟ್ಟಿ ಬುಟ್ಟಿಯಲ್ಲಿ ಎಷ್ಟಿವೆ ಎಂದು ನೋಡುತ್ತಿರಲಿಲ್ಲ. ದಿನಕ್ಕೆರಡು ಸಲ ಬಿಸಿನೀರಿನ ಸ್ನಾನ. ಮೂರನೆಯ ದಿನ ಜೊತೆಯ ಇಬ್ಬರು ಪರೀಕ್ಷಕರನ್ನು, ಮೊದಲು ಹೇಳದೆ, ಊಟಕ್ಕೆ ಕರೆತಂದರು. ‘ಗುರುಪಾದನ ಮನಿ ಅಂದ್ರ ನನ್ನ ಮನಿನೇ’ ಎಂದು ಅವರಿಗೆ ಹೇಳಿದರು. ನೀಲವ್ವ ಮತ್ತೆ ಒಲೆ ಹೊತ್ತಿಸಿ ಹಿಟ್ಟು ನಾದಿದಳು. ನಾಲ್ಕು ದಿನ ಮುಗಿಯಿತು. ಹೇಗೂ ಬಂದಿದ್ದೇನೆ, ಪೇಟೆ ನೋಡಿಕೊಂಡು ಹೋಗೋಣ ಎಂದು ಮಾಸ್ತರರು ಇನ್ನೆರಡು ದಿನ ಉಳಿದರು. ಗುರುಪಾದಪ್ಪ ‘ಇರಪಾ, ಅದಕ್ಕೇನಂತ’ ಎಂದರು. ಅಡುಗೆಮನೆಯ ಬಾಗಿಲಲ್ಲಿದ್ದ ಪಾದಗಳು ಒಂದು ಗಳಿಗೆ ನಿಂತು ಒಳಗೆ ಹೋದವು.

ಆರನೆಯ ದಿನ ನಳ ತಡವಾಗಿ ಬಂತು, ಗುರುಪಾದಪ್ಪ ಛಾಪಖಾನೆಗೆ ಹೋಗಿಯಾಗಿತ್ತು. ಮಾಸ್ತರರು ಎದ್ದವರು ನನ್ನನ್ನು ಸುತ್ತದೆ ಹಾಗೆಯೇ ಬಿಟ್ಟು, ಹೊರಗಿನ ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕುಳಿತರು. ನನ್ನ ತೊಗಲಿನ ಪಟ್ಟಿಯೊಂದು ಗೋಡೆಯ ಕಡೆಗೆ, ಆ ಅರ್ಧ ಮೊಳ ಜಾಗಕ್ಕೆ ಚಾಚಿಕೊಂಡು ಬಿದ್ದಿತ್ತು. ನನಗೆ ಅದನ್ನು ಒಳಗೆ ಎಳೆದುಕೊಳ್ಳಲು ಬರುವುದಿಲ್ಲ. ‘ತಂಗೀ, ಸ್ನಾನಕ್ಕ ನೀರು ಕಾದಾವೇನು?’ ಎಂದು ಮಾಸ್ತರರು ಕೂಗಿದರು. ‘ಬಂದೆರೀ’ ಎಂದು ನೀಲವ್ವ ಹೊರಗಿನಿಂದ ಕೊಡ ಹೊತ್ತು ಬಂದಳು. ನನ್ನ ಪಟ್ಟಿಯ ಕುಣಿಕೆಯಲ್ಲಿ ಆಕೆಯ ಬೆರಳು ಸಿಕ್ಕಿತು.

ಕೊಡದ ಸದ್ದಿಗೆ ನೆರೆಯವರು ಓಡಿಬಂದರು. ನೀರೆಲ್ಲ ನನ್ನೊಳಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ನೀರಲ್ಲದ್ದೂ ಇಳಿಯಿತು. ಮಾಸ್ತರರು ಹೊಸ್ತಿಲಲ್ಲಿ ಪತ್ರಿಕೆ ಹಿಡಿದೇ ನಿಂತಿದ್ದರು. ಹೆಂಗಸರು ನೀಲವ್ವನನ್ನು ಎತ್ತಿ ಟಾಂಗಾಕ್ಕೆ ಒಯ್ಯುವಾಗ ಆಕೆ ಅವರ ಕಡೆ ನೋಡಿ, ‘ಮಾಸ್ತರ, ಒಲಿ ಮ್ಯಾಲೆ ಹಾಲೈತ್ರಿ, ಉಕ್ಕತೈತಿ’ ಎಂದಳು. ಅಷ್ಟೇ ಹೇಳಿದ್ದು.

ಕೂಸು ಉಳಿಯಲಿಲ್ಲ. ಮಧ್ಯಾಹ್ನ ಆಸ್ಪತ್ರೆಯಿಂದ ಬಂದ ಗುರುಪಾದಪ್ಪ ಬಾಗಿಲಲ್ಲಿ ನಿಂತು ಅದನ್ನು ಹೇಳಿದರು. ಅವರ ಬೆರಳುಗಳಿಗೆ ಅಂಟಿದ್ದ ಛಾಪಖಾನೆಯ ಮಸಿ ಹಾಗೆಯೇ ಇತ್ತು. ‘ಚನ್ನವೀರ, ನೀ ಊರಿಗೆ ಹೋಗು. ಇಲ್ಲಿ ನೀ ಮಾಡೂದು ಏನೂ ಇಲ್ಲ’ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ಮಾಸ್ತರರಿಗೆ ಹೊರುವುದು ಸುಲಭವಾಗುತ್ತಿತ್ತೇನೋ. ಅವರು ಒದ್ದೆಯಾದ ನನ್ನನ್ನು ಹಾಗೆಯೇ ಸುತ್ತಿ ಹೆಗಲಿಗೇರಿಸಿದರು. ರೋಣದ ಬಸ್ಸು ಹತ್ತಿದರು.

ಅವರ ಹೆಂಡತಿ ನನ್ನನ್ನು ಮೂರು ಸಲ ಒಗೆದರು. ಕಲೆ ಹೋಗಿ ಬರಿಯ ಕಂದು ನೆರಳು ಉಳಿಯಿತು. ಅದೇನೆಂದು ಅವರು ಕೇಳಿದಾಗ ಮಾಸ್ತರರು ಚಹಾ ಚೆಲ್ಲಿತು ಎಂದರು.

ಇಪ್ಪತ್ತನಾಲ್ಕು ವರ್ಷ ಮಾಸ್ತರರು ಹುಬ್ಬಳ್ಳಿಗೆ ಕಾಲಿಡಲಿಲ್ಲ. ಬೇರೆ ಊರುಗಳಿಗೆ ಹೋಗುವುದು ತಪ್ಪುತ್ತಿರಲಿಲ್ಲ. ಬನಹಟ್ಟಿ, ಸವದತ್ತಿ, ಕುಷ್ಟಗಿ, ಎಲ್ಲ ಕಡೆಗೂ ನಾನು ಜೊತೆಗೆ ಹೋದೆ. ಆದರೆ ಆ ಮೊದಲಿನ ಮಾಸ್ತರರು ಇವರಲ್ಲ. ಹೋಗುವ ಎಂಟು ದಿನ ಮುಂಚೆ ಕಾರ್ಡು ಬರೆಯುವರು. ಯಾವತ್ತು ಬರುತ್ತೇನೆ ಎಂಬುದರ ಕೆಳಗೆ ಯಾವತ್ತು ಹೊರಡುತ್ತೇನೆ ಎಂಬುದನ್ನೂ ಬರೆದು ಗೆರೆ ಎಳೆಯುವರು. ಮನೆಯವರು ಏಳುವ ಮೊದಲೇ ಎದ್ದು ನನ್ನನ್ನು ಸುತ್ತಿ, ಪಟ್ಟಿಯ ತುದಿಗಳನ್ನು ಒಳಗೆ ತುರುಕಿ, ಕೈಯಾಡಿಸಿ ನೋಡಿ ಮೂಲೆಗೆ ಒರಗಿಸುವರು. ಬನಹಟ್ಟಿಯಲ್ಲಿ ಒಂದು ಸಲ ಅಡುಗೆಮನೆಯಲ್ಲಿ ಗಂಡಹೆಂಡಿರ ದನಿ ಏರಿತು. ಮಾಸ್ತರರು ಅರ್ಧ ಓದಿದ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಹೊರಗೆ ಹೋದರು. ಬಿರುಬಿಸಿಲಿನಲ್ಲಿ ಒಂದು ತಾಸು ತಿರುಗಿ, ವಾಪಸು ಬರುವಾಗ ಬೀದಿಯಲ್ಲೇ ಜೋರಾಗಿ ಕೆಮ್ಮಿ ಒಳಗೆ ಬಂದರು. ಬಸುರಿ ಹೆಣ್ಣುಮಗಳಿರುವ ಮನೆಯೆಂದು ತಿಳಿದರೆ ಏನಾದರೊಂದು ನೆಪ ಹೇಳಿ ಶಾಲೆಯ ಕೋಣೆಯಲ್ಲೇ ಮಲಗುವರು.

ವರ್ಷಕ್ಕೊಮ್ಮೆ, ಪರೀಕ್ಷೆಯ ದಿನಗಳಲ್ಲಿ, ಗುರುಪಾದಪ್ಪನಿಗೆ ಕಾರ್ಡು ಬರೆಯಲು ಕೂರುವರು. ‘ಪ್ರಿಯ ಗುರುಪಾದ’ ಎಂದು ಬರೆದು, ಬಹಳ ಹೊತ್ತು ಕುಳಿತು, ಹರಿಯುವರು. ನೀಲವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ ಎಂಬುದು ಅವರಿವರಿಂದ ಅವರಿಗೆ ಗೊತ್ತಾಗಿತ್ತು.

ಅನಸೂಯಾ ಇದನ್ನೆಲ್ಲ ನೋಡುತ್ತಲೇ ಬೆಳೆದಳು. ತಾಯಿ ವಿಷಮಜ್ವರದಲ್ಲಿ ತೀರಿಕೊಂಡಾಗ ಆಕೆಗೆ ಹನ್ನೊಂದು ವರ್ಷ. ರಜೆಯಲ್ಲಿ ಸೋದರತ್ತೆಯ ಮನೆಗೆ ಕಳಿಸುವಾಗ ಅಪ್ಪ ನನ್ನನ್ನು ಆಕೆಯ ಜೊತೆಗೆ ಕೊಟ್ಟು, ಪಟ್ಟಿ ಸಿಕ್ಕಿಸುವುದನ್ನು ತೋರಿಸಿದರು. ‘ಯಾಕಪ್ಪಾ ಇಷ್ಟು ಬಿಗೀ?’ ಎಂದು ಆಕೆ ಕೇಳಿದಳು. ‘ಮಂದಿ ಮನಿಯೊಳಗ ನಮ್ಮ ಸಾಮಾನು ಯಾರ ಕಾಲಿಗೂ ಬರಬಾರದವ್ವ’ ಎಂದರು. ಉಳಿದದ್ದನ್ನು ಹೇಳಲಿಲ್ಲ. ಆಕೆ ಅಪ್ಪನ ಮಾತನ್ನು ವ್ರತದಂತೆ ಹಿಡಿದಳು. ಯಾರಿಗೂ ಭಾರವಾಗಬಾರದು. ಕೇಳಬಾರದು. ಹೇಳಿಕೊಳ್ಳಬಾರದು.

ಆಕೆಯ ಮದುವೆ ನರೇಗಲ್ಲಿನ ಮಹಾಂತೇಶನ ಜೊತೆ ಆಯಿತು. ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಮೊದಲ ಬಸಿರು ಏಳನೆಯ ತಿಂಗಳಲ್ಲಿ ಕಳೆದುಹೋಯಿತು. ಎರಡನೆಯದಕ್ಕೆ ಏಳು ತುಂಬಿದಾಗ ಊರಿನ ಡಾಕ್ಟರು, ‘ಇನ್ನೆರಡು ತಿಂಗಳು ಹುಬ್ಬಳ್ಳಿಯಲ್ಲಿ, ದೊಡ್ಡ ಆಸ್ಪತ್ರೆಗೆ ಹತ್ತಿರ ಇರಬೇಕು. ವಾರಕ್ಕೊಮ್ಮೆ ತೋರಿಸಬೇಕು’ ಎಂದರು. ಮಹಾಂತೇಶನಿಗೆ ಅಷ್ಟು ರಜೆಯಿರಲಿಲ್ಲ. ಹುಬ್ಬಳ್ಳಿಯಲ್ಲಿ ಹೊಂಬಳ ಮಾಸ್ತರರಿಗೆ ಗೊತ್ತಿದ್ದ ಮನೆ ಒಂದೇ.

ಆ ಸಲ ಅವರು ಕಾರ್ಡು ಹರಿಯಲಿಲ್ಲ. ನಾಲ್ಕೇ ಸಾಲು ಬರೆದು ಡಬ್ಬಿಗೆ ಹಾಕಿದರು. ಆರು ದಿನಕ್ಕೆ ಉತ್ತರ ಬಂತು, ಮೊಳೆ ಜೋಡಿಸಿದಂಥ ಸಣ್ಣ ಅಕ್ಷರದಲ್ಲಿ: ‘ಮಗಳನ್ನು ಕಳಿಸು. ನೀಲಾ ಹೂಂ ಅಂದಿದ್ದಾಳೆ.’ ಮಾಸ್ತರರು ಅದನ್ನು ನಿಂತಲ್ಲೇ ಎರಡು ಸಲ ಓದಿ ಕಣ್ಣಿಗೆ ಒತ್ತಿಕೊಂಡರು.

ಅಪ್ಪ ಮಗಳು ಬಸ್ಸಿಳಿದು ಆ ಚಾಳಿನ ಓಣಿಯ ಮೂಲೆಯವರೆಗೆ ಬಂದರು. ಅಲ್ಲಿ ಮಾಸ್ತರರ ಕಾಲು ನಿಂತಿತು. ‘ಅಗೋ, ನೀಲಿ ಬಾಗಿಲು. ನೀ ಹೋಗವ್ವ. ನನಗ ವಾಪಸು ಬಸ್ಸಿಗೆ ಹೊತ್ತಾಗತೈತಿ’ ಎಂದು ನನ್ನನ್ನು ಒಬ್ಬ ಹಮಾಲನ ತಲೆಗೆ ಹೊರಿಸಿ ತಿರುಗಿ ನಡೆದರು.

ಬಾಗಿಲು ತೆರೆದವಳು ನೀಲವ್ವ. ಕೂದಲು ಅರ್ಧ ನರೆತಿತ್ತು. ಆಕೆ ಮೊದಲು ಅನಸೂಯಾಳ ಹೊಟ್ಟೆ ನೋಡಿದಳು, ಆಮೇಲೆ ನನ್ನನ್ನು. ಗುರುತು ಹಿಡಿದಳು. ಬಗ್ಗಿ ನನ್ನ ಪಟ್ಟಿಯನ್ನು ಮುಟ್ಟಿದ ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತ್ತು. ‘ಒಳಗ ಬಾ, ಕೂಡು. ಬಿಸಲಾಗ ಬಂದಿ’ ಎಂದಷ್ಟೇ ಹೇಳಿದಳು.

ಅನಸೂಯಾ ಆ ಮನೆಯಲ್ಲಿ ಇದ್ದೂ ಇಲ್ಲದವಳಂತೆ ಇದ್ದಳು. ನಸುಕಿನಲ್ಲಿ ಎದ್ದು ನನ್ನನ್ನು ಸುತ್ತಿ ಜೋಳದ ಡಬ್ಬಿಯ ಹಿಂದೆ ನಿಲ್ಲಿಸುತ್ತಿದ್ದಳು. ಸೋಪು, ಎಣ್ಣೆ, ಲೋಟ ಎಲ್ಲ ತನ್ನದೇ ತಂದಿದ್ದಳು. ಉಂಡ ತಾಟನ್ನು ನೀಲವ್ವ ಎತ್ತುವ ಮೊದಲೇ ತೊಳೆದಿಡುತ್ತಿದ್ದಳು. ಗುರುಪಾದಪ್ಪ ಕೂರುವ ಕುರ್ಚಿಯಲ್ಲಿ ಅವರಿಲ್ಲದಾಗಲೂ ಕೂರುತ್ತಿರಲಿಲ್ಲ. ‘ಇನ್ನೊಂದು ರೊಟ್ಟಿ ಹಾಕ್ಕೋ’ ಎಂದರೆ ‘ಸಾಕ್ರೀ ಕಾಕೂ.’ ‘ಕಾಲು ಚಾಚಿ ಕೂಡು’ ಎಂದರೆ ‘ಇರಲ್ರೀ.’ ಒಂದು ತಿಂಗಳಲ್ಲಿ ಆಕೆ ತನಗಾಗಿ ಏನನ್ನೂ ಕೇಳಲಿಲ್ಲ. ಒಂದು ಸಂಜೆ ನೀಲವ್ವ ಗಂಡನಿಗೆ, ‘ಈ ಹುಡುಗಿ ನಮ್ಮ ಮನ್ಯಾಗ ಉಸರೂ ಕೇಳಿ ಬಿಡತೈತಿ ಅನಸತೈತಿ’ ಎಂದಳು. ಅದರಲ್ಲಿ ಮೆಚ್ಚುಗೆಯಿರಲಿಲ್ಲ, ನೋವಿತ್ತು.

ಎಂಟೂವರೆ ತಿಂಗಳಾದಾಗ ನಾನು ಮತ್ತೆ ಅದನ್ನು ಕಂಡೆ. ಬಾತ ಪಾದಗಳು. ಮೊದಲು ಕಾಲಿನ ಹರಡು, ಆಮೇಲೆ ಮೊಣಕಾಲಿನ ಕೆಳಗೆಲ್ಲ. ಕಾಲುಂಗುರವನ್ನು ಸೋಪು ಹಚ್ಚಿ ಬಿಡಿಸಿ ಅನಸೂಯಾ ನನ್ನ ಜೇಬಿನಲ್ಲಿ ಅಡಗಿಸಿಟ್ಟಳು. ಸೀರೆಯನ್ನು ನೆಲಕ್ಕೆ ತಾಗುವಂತೆ ಉಡತೊಡಗಿದಳು. ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಕಿಡಿ ಹಾರುತ್ತಿದ್ದವು. ಗೋಡೆ ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಿದ್ದಳು. ಮುಂದಿನ ತಪಾಸಣೆ ಗುರುವಾರ. ಅದಕ್ಕೆ ಮೊದಲು ಸೋಮವಾರ ನವಲಗುಂದದಲ್ಲಿ ನೀಲವ್ವನ ತಂಗಿಯ ಮಗಳ ಮದುವೆ. ನೀಲವ್ವ ಎಷ್ಟೋ ವರ್ಷದ ಮೇಲೆ ತವರಿನ ಕಡೆಯ ಮದುವೆಗೆ ಹೊರಟಿದ್ದಳು. ತಂಗಿಗೆಂದು ಸೀರೆ ಆರಿಸಿ ತಂದಿದ್ದಳು. ಅದನ್ನು ಬಿಚ್ಚಿ ತೋರಿಸುವಾಗ ಆಕೆಯ ಮುಖದಲ್ಲಿದ್ದ ಬೆಳಕನ್ನು ಅನಸೂಯಾ ನೋಡಿದ್ದಳು. ಎರಡು ದಿನ ತಾನೇ, ತಡೆದುಕೊಂಡರಾಯಿತು ಎಂದುಕೊಂಡಳು. ನನಗೆ ಬಾಯಿದ್ದಿದ್ದರೆ ಅಂದು ಕೂಗುತ್ತಿದ್ದೆ.

ಸೋಮವಾರ ಬೆಳಿಗ್ಗೆ ಆಕೆ ಎದ್ದು ನನ್ನನ್ನು ಸುತ್ತಲು ಬಗ್ಗಿದಳು. ಬಗ್ಗಲಾಗಲಿಲ್ಲ. ಪಟ್ಟಿ ಕೈಯಲ್ಲಿ ಹಿಡಿದೇ ನನ್ನ ಮೇಲೆ ಕುಳಿತುಬಿಟ್ಟಳು. ಬೆಳಕು ಹರಿಯಿತು. ನೀಲವ್ವ ಹೊಸ ಸೀರೆಯುಟ್ಟು, ಕೈಚೀಲ ಹಿಡಿದು ಪಡಸಾಲೆಗೆ ಬಂದಳು. ‘ಅನಸೂಯಾ, ಅಡಗಿ ಮಾಡಿ ಮುಚ್ಚಿಟ್ಟೀನಿ. ಸಂಜೀಕ ನಿಮ್ಮ ಕಾಕಾ...’ ಎಂದವಳು ಅಲ್ಲೇ ನಿಂತಳು. ಒಂದು ತಿಂಗಳಲ್ಲಿ ಒಂದು ದಿನವೂ ಬೆಳಗಾದ ಮೇಲೆ ನೆಲದ ಮೇಲೆ ಕಾಣದ ಹಾಸಿಗೆ ಕಂಡಿತ್ತು.

ಕೈಚೀಲ ಕೆಳಗೆ ಬಿತ್ತು. ನೀಲವ್ವ ಕುಕ್ಕರುಗಾಲಲ್ಲಿ ಕುಳಿತು ಅನಸೂಯಾಳ ಸೀರೆಯ ಅಂಚು ಸರಿಸಿ, ಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದಲ್ಲಿ ಕುಳಿ ಬಿದ್ದು ಹಾಗೆಯೇ ಉಳಿಯಿತು.

‘ಎಷ್ಟು ದಿನಾತು?’

‘ಮೂರು ದಿನ, ಕಾಕೂ.’

‘ತಲಿ ನೋಯತೈತಿ?’

‘ಹೂಂ.’

‘ಯಾಕ ಹೇಳಲಿಲ್ಲ?’

‘ನೀವು ಮದುವಿಗೆ ಹೊಂಟಿದ್ರಿ... ನನ್ನ ಸಲುವಾಗಿ ನಿಮಗ ತ್ರಾಸ ಆಗಬಾರದು ಅಂತ...’

ನೀಲವ್ವನ ಕೈ ಮೇಲೆದ್ದಿತು. ಹೊಡೆದೇಬಿಡುತ್ತಾಳೆ ಎಂದು ನನಗನ್ನಿಸಿತು. ಆ ಕೈ ಅನಸೂಯಾಳ ಗಲ್ಲ ಹಿಡಿಯಿತು. ‘ಇದ ನೆಲದ ಮ್ಯಾಲ ನಾನೂ ಹಿಂಗ ಸುಮ್ಮನಿದ್ದೆ. ನನ್ನ ಕಾಲೂ ಹಿಂಗ ಬಾತಿದ್ವು. ಮನೀಗೆ ಬಂದವರ ಮುಂದ ಹೆಂಗ ಹೇಳೂದು, ಏನು ತಿಳಕೋತಾರ ಅಂತ ನೀರು ಹೊತ್ತೆ, ರೊಟ್ಟಿ ಬಡದೆ. ಕಡೀಕ ಬಿದ್ದೆ. ಕೂಸು ಹೋತು. ನಿಮ್ಮಪ್ಪಗ ಕಣ್ಣಿರಲಿಲ್ಲ, ಖರೆ. ನನಗೂ ಬಾಯಿರಲಿಲ್ಲ.’

‘ನಮ್ಮಪ್ಪ?’ ಎಂದಳು ಅನಸೂಯಾ.

‘ಅದನ್ನ ಆಮ್ಯಾಲೆ ಕೇಳು. ಈಗ ಏಳು, ನನ್ನ ಕುತ್ತಿಗಿ ಹಿಡಕೋ. ಭಾರ ಹಾಕು. ಪೂರಾ ಭಾರ ಹಾಕು ನನ್ನ ಮ್ಯಾಲೆ.’

ಅನಸೂಯಾ ಆಗ ಅತ್ತಳು. ಆ ಮನೆಗೆ ಬಂದ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತಳು. ಗುರುಪಾದಪ್ಪ ಬರಿಗಾಲಲ್ಲೇ ಓಡಿ ಆಟೋ ತಂದರು. ನವಲಗುಂದದ ಬಸ್ಸು ಹೋಯಿತು. ಮದುವೆಯ ಸೀರೆಯುಟ್ಟೇ ನೀಲವ್ವ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಹಗಲು ಒಂದು ರಾತ್ರಿ ಕುಳಿತಿದ್ದಳಂತೆ. ಇದು ನಾನು ಆಮೇಲೆ ಅವರ ಮಾತಿನಲ್ಲಿ ಕೇಳಿದ್ದು. ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣುಕೂಸು, ಎರಡು ಅಂಗೈಯಲ್ಲಿ ಹಿಡಿಸುವಷ್ಟು. ತಾಯಿಗೆ ಎರಡು ದಿನ ಎಚ್ಚರವಿರಲಿಲ್ಲ. ಇನ್ನರ್ಧ ದಿನ ತಡೆದಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದರಂತೆ ಡಾಕ್ಟರು.

ಗುರುಪಾದಪ್ಪ ಕಳಿಸಿದ ತಂತಿ ತಲುಪಿ ಮಾಸ್ತರರು ಬಂದದ್ದು ಮಂಗಳವಾರ ನಸುಕಿಗೆ. ಮಹಾಂತೇಶ ನೇರವಾಗಿ ಆಸ್ಪತ್ರೆಗೆ ಹೋಗಿದ್ದ. ಮಾಸ್ತರರು ಹೊಸ್ತಿಲ ಹೊರಗೆ ಚಪ್ಪಲಿ ಕಳಚಿ ಅಲ್ಲಿಯೇ ನಿಂತಿದ್ದರು. ಸ್ನಾನಕ್ಕೂ ಬುತ್ತಿಗೂ ಎಂದು ಮನೆಗೆ ಬಂದಿದ್ದ ನೀಲವ್ವ ಅವರನ್ನು ಕಂಡಳು. ಇಪ್ಪತ್ತನಾಲ್ಕು ವರ್ಷದ ಮೇಲೆ ಇಬ್ಬರೂ ಎದುರುಬದುರು ನಿಂತರು.

‘ತಂಗೀ, ನಾನು ಅವತ್ತ...’ ಎಂದರು ಮಾಸ್ತರರು.  ಕೈ ಜೋಡಿಸಿದರು.

 ಹೊರಗೆ ನಳದ ಬಳಿ ಕೊಡಗಳ ಸದ್ದು ಕೇಳಿಸಿತು.

‘ನಳ ಬಂದೈತಿ ಮಾಸ್ತರ’ ಎಂದಳು ನೀಲವ್ವ. ‘ಬಾಣಂತಿ ಬರೂ ಮನಿ. ಹಂಡೇದಾಗ ಹನಿ ನೀರಿಲ್ಲ. ತುಂಬರಿ.’

ಕೊಡ ತಂದು ಅವರ ಮುಂದಿಟ್ಟಳು. ಐವತ್ತು ದಾಟಿದ ಮಾಸ್ತರರು ಧೋತರ ಮೇಲೆತ್ತಿ ಕಟ್ಟಿ, ಹೆಂಗಸರ ಸಾಲಿನಲ್ಲಿ ನಿಂತು ನೀರು ತುಂಬಿದರು. ಹೊತ್ತು ಪಡಸಾಲೆ ದಾಟುವಾಗ ಅವರ ಪಾದಗಳು ಗೋಡೆಯ ಬದಿಯ ಆ ಅರ್ಧ ಮೊಳದಲ್ಲೇ ಅಡ್ಡಡ್ಡವಾಗಿ ಸರಿದವು. ಮಗಳು ಕೂಸಿನೊಂದಿಗೆ ಮನೆಗೆ ಬರುವವರೆಗೆ, ಬಂದ ಮೇಲೂ ಒಂದು ತಿಂಗಳು, ಅವರು ದಿನಾ ನೀರು ಹೊತ್ತರು. ಕೊಡವನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಕ್ಷಮೆಯ ಮಾತು ಆ ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಲಿಲ್ಲ. ಆದರೆ ಕಡೆಯ ವಾರದಲ್ಲೊಂದು ದಿನ ನೀಲವ್ವ, ‘ಮಾಸ್ತರ, ಸಾಕು ಕೂಡ್ರಿ, ಚಹಾ ಆರತೈತಿ’ ಎಂದಳು. ಗೆಳೆಯರಿಬ್ಬರೂ ಒಂದೇ ತಾಟಿನಲ್ಲಿ ಚುರುಮುರಿ ಹಾಕಿಕೊಂಡು ಕುಳಿತರು. ಅನಸೂಯಾ ಗೋಡೆಗೆ ಒರಗಿ, ಕಾಲು ಚಾಚಿ, ‘ಕಾಕೂ, ನನಗಿನ್ನಷ್ಟು ಹಾಕ್ರಿ’ ಎಂದು ಬಟ್ಟಲು ಮುಂದೆ ಹಿಡಿದಳು. ನೀಲವ್ವ ಹಾಕುತ್ತಲೇ ಇದ್ದಳು.

ಹೊರಡುವ ದಿನ ಮಾಸ್ತರರು ನನ್ನನ್ನು ಸುತ್ತಿ ಬಾಗಿಲಿಗೆ ತಂದರು. ‘ಅದನ್ನಿಲ್ಲೇ ಬಿಡ್ರಿ’ ಎಂದಳು ನೀಲವ್ವ. ಮಾಸ್ತರರ ಮುಖ ಕಪ್ಪಿಟ್ಟಿತು. ಬೇರೇನೋ ತಿಳಿದುಕೊಂಡಿರಬೇಕು. ನೀಲವ್ವ ಅನಸೂಯಾಳ ಕಡೆ ತಿರುಗಿದಳು. ‘ತವರಿಗೆ ಬರೂ ಮಗಳು ಹಾಸಗಿ ಹೊತ್ಕೊಂಡು ಬರ್ತಾಳೇನು? ಮುಂದಿನ ಸಲ ಕೈ ಬೀಸ್ಕೊಂತ ಬಾ.’

ಅಲ್ಲಿಗೆ ನನ್ನ ತಿರುಗಾಟ ಮುಗಿಯಿತು. ಇದೇ ಮನೆಯ ಅಟ್ಟದ ಮೇಲೆ ನಾನು ಉಳಿದೆ. ವರ್ಷಗಳು ಕಳೆದು ಮಾಸ್ತರರು ತೀರಿಕೊಂಡರು, ಆಮೇಲೆ ಗುರುಪಾದಪ್ಪನೂ ಹೋದರು. ನನ್ನ ಬಟ್ಟೆಗೆ ಇಲಿ ಬಾಯಿ ಹಾಕಿದೆ, ತೊಗಲು ಒಣಗಿ ಸಿಡಿದಿದೆ. ಚಳಿಗಾಲದ ಎರಡು ಹೊದಿಕೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ. ಜನರ ಮನೆಗಳ ನೆಲದ ಮೇಲೆ ಬಾಳು ಕಳೆದವನಿಗೆ ತಿಳಿದದ್ದು ಸ್ವಲ್ಪವೇ. ಬಂದವರು ಮನೆಯವರ ಕಾಲು ನೋಡಬೇಕು. ಮನೆಯವರು ಬಂದವರದನ್ನು ನೋಡಬೇಕು. ನೋಯುವವರು ಹೇಳಬೇಕು. ಇಷ್ಟನ್ನು ಕಲಿಯಲು ಆ ಎರಡು ಮನೆಯವರಿಗೆ ಒಂದು ಕೂಸನ್ನು ಕಳೆದುಕೊಳ್ಳಬೇಕಾಯಿತು.

ನೀಲವ್ವನಿಗೆ ಈಗ ಎಂಬತ್ತು ದಾಟಿದೆ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಸೊಂಟ ನೋಯಿಸಿಕೊಂಡಿದ್ದಾಳೆ. ಅನಸೂಯಾ ಬಂದು ಇದ್ದಾಳೆ. ಎಷ್ಟು ದಿನಕ್ಕೆ ಎಂದು ಇಬ್ಬರೂ ಮಾತಾಡಿಲ್ಲ. ಈಗಷ್ಟೇ, ಮಧ್ಯಾಹ್ನದ ಊಟ ಮುಗಿಸಿ ಅನಸೂಯಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಪಡಸಾಲೆಯ ಮಂಚದಿಂದ ನೀಲವ್ವ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು:

‘ಅನಸೂಯಾ, ಎಲ್ಲಿದ್ದೀ? ಅದನ್ನೆಲ್ಲ ಬಿಟ್ಟು ಬಾ ಇಲ್ಲೆ. ನನಗ ಭಾಳ ನೋಯಾಕತ್ತೈತಿ.’